ಹದಿನೈದು ವರ್ಷದ ಶಾಕಬ್ಸರ್‌ಗೊಂದು ವಿಮರ್ಶೆ

ಕಾರುಗಳ ವಿಮರ್ಶೆ ಬರೆಯುವವರ ಮೇಲೆ ನನಗೊಂದು ಹಳೇ ತಕರಾರಿದೆ. ಅವರೆಲ್ಲ ಕಾರನ್ನು ನೋಡೋದು ಅದರ ಮದುವೆಯ ದಿನ. ಹೊಸ ಪೇಂಟು, ಹೊಸ ಟೈರು, ಕಂಪನಿಯವರೇ ಹಾಕಿಸಿದ ಪೆಟ್ರೋಲು, ಕಂಪನಿಯವರೇ ಆರಿಸಿದ ರಸ್ತೆ. ಎರಡು ದಿನ ಓಡಿಸಿ, ‘ಸಸ್ಪೆನ್ಷನ್ ಅದ್ಭುತ’ ಅಂತ ಬರೆದು, ಕೀ ವಾಪಸ್ ಕೊಟ್ಟು ಬರ್ತಾರೆ. ಮದುವೆಮನೆಯಲ್ಲಿ ಚೆನ್ನಾಗಿ ಕಾಣದ ಹೆಣ್ಣು-ಗಂಡು ಯಾರಿದ್ದಾರೆ ಹೇಳಿ? ಸಂಸಾರ ಹೇಗಿದೆ ಅಂತ ವಿಚಾರಿಸಬೇಕಾದ್ದು ಹದಿನೈದು ವರ್ಷ ಕಳೆದ ಮೇಲೆ. ಅಷ್ಟೊತ್ತಿಗೆ ವಿಮರ್ಶಕರು ಬೇರೆ ಮದುವೆಯ ಊಟಕ್ಕೆ ಹೋಗಿರ್ತಾರೆ.

ಪುಸ್ತಕಕ್ಕೆ, ಸಿನಿಮಾಕ್ಕೆ ಈ ಕಷ್ಟ ಇಲ್ಲ. ಹಾಳೆ ಹಳದಿಯಾದರೂ ಕಥೆಯ ಕೀಲು ಸಡಿಲ ಆಗೋದಿಲ್ಲ. ಯಂತ್ರ ಮಾತ್ರ ಸವೆಯುತ್ತಲೇ ಬದುಕುವ ಕೃತಿ. ಅದನ್ನು ಮಾಡಿದವನು ಅದು ಸವೆಯುವುದನ್ನೂ ಯೋಚಿಸಿದ್ದನೋ ಇಲ್ಲವೋ ಅನ್ನೋದು ನನ್ನ ಲೆಕ್ಕದಲ್ಲಿ ವಿಮರ್ಶೆಯ ಅರ್ಧ ಭಾಗ. ಆ ಲೆಕ್ಕದಲ್ಲೇ ಈ ಸಲ ಒಂದು ಹಳೇ ಸ್ಪೋರ್ಟ್ಸ್ ಕಾರಿನ ಒಂದೇ ಒಂದು ಭಾಗವನ್ನು ಎತ್ತಿಕೊಂಡಿದ್ದೇನೆ: ಅದರ ‘ಅಡಾಪ್ಟಿವ್’ ಡ್ಯಾಂಪರ್. ನಮ್ಮ ಭಾಷೆಯಲ್ಲಿ, ತಾನೇ ಬಿಗಿ-ಸಡಿಲ ಆಗುವ ಶಾಕಬ್ಸರ್.

ಕಾರು ನನ್ನದಲ್ಲ, ಗೆಳೆಯನದ್ದು. ಇಬ್ಬರೂ ಚಾಮರಾಜನಗರ ತಾಲ್ಲೂಕಿನವರು, ಇಬ್ಬರೂ ಬಿ.ಇ., ಇಬ್ಬರೂ ಬೆಂಗಳೂರಲ್ಲಿ ಕೀಬೋರ್ಡು ಕುಟ್ಟುವವರು. ಅವನು ನಾಲ್ಕು ವರ್ಷದ ಹಿಂದೆ 2009ರ ಮಾಡೆಲ್ಲಿನ, ಎರಡು ಬಾಗಿಲಿನ, ಯುರೋಪಿನ ಒಂದು ಸ್ಪೋರ್ಟ್ಸ್ ಕಾರನ್ನು ಮೂರನೇ ಮಾಲೀಕನಾಗಿ ಕೊಂಡ. ಊರಿಗೆ ತಂದ ದಿನ ಅವರಪ್ಪ ಒಂದು ಸುತ್ತು ಬಂದು, ‘ಇದೇನ್ಲಾ, ಗಾಡಿ ನೆಲಕ್ಕ ಅಂಟ್ಕಂಡದ’ ಅಂದರು. ಕಂಪನಿಯ ಹೆಸರು ಇಲ್ಲಿ ಬೇಡ. ಬೇರೆ ಹತ್ತು ಕಂಪನಿಗಳ ಕಾರಿನಲ್ಲೂ ಇದೇ ಪದ್ಧತಿ, ನನ್ನ ಜಗಳ ಇರೋದು ಆ ಪದ್ಧತಿಯ ಜೊತೆ.

ಮೊದಲು ಶಾಕಬ್ಸರ್ ಏನು ಮಾಡುತ್ತೆ ಅಂತ ಒಂದು ಮಾತು. ಆ ಹೆಸರೇ ಅರ್ಧ ಸುಳ್ಳು. ಗುಂಡಿಯ ಹೊಡೆತವನ್ನು ಮೊದಲು ನುಂಗೋದು ಸ್ಪ್ರಿಂಗು. ನುಂಗಿದ್ದನ್ನು ಸ್ಪ್ರಿಂಗು ಸುಮ್ಮನೆ ಇಟ್ಟುಕೊಳ್ಳೋದಿಲ್ಲ, ಕುಣಿದು ಕುಣಿದು ವಾಪಸ್ ಕೊಡುತ್ತೆ. ಆ ಕುಣಿತ ನಿಲ್ಲಿಸೋದು ಶಾಕಬ್ಸರ್ ಕೆಲಸ. ಒಂದು ಕೊಳವೆ, ಒಳಗೆ ಎಣ್ಣೆ, ಎಣ್ಣೆಯಲ್ಲಿ ಮೇಲೆ ಕೆಳಗೆ ಆಡುವ ಪಿಸ್ಟನ್, ಪಿಸ್ಟನ್ನಿನಲ್ಲಿ ಸಣ್ಣ ಸಣ್ಣ ತೂತು. ಎಣ್ಣೆ ಆ ತೂತಲ್ಲಿ ನುಸುಳೋಕೆ ಒದ್ದಾಡುವಾಗ ಕುಣಿತವೆಲ್ಲ ಬಿಸಿಯಾಗಿ ಕರಗಿಹೋಗುತ್ತೆ. ತೂತು ದೊಡ್ಡದಾದರೆ ಸವಾರಿ ಮೆತ್ತಗೆ, ಆದರೆ ತಿರುವಲ್ಲಿ ಕಾರು ತೆಪ್ಪದ ಥರ ವಾಲುತ್ತೆ. ಚಿಕ್ಕದಾದರೆ ತಿರುವಲ್ಲಿ ಚೆಂದ, ಗುಂಡಿಯಲ್ಲಿ ನಿಮ್ಮ ಬೆನ್ನುಮೂಳೆಗೆ ಕೇಡು. ಕಾರು ಮಾಡುವವರು ನೂರು ವರ್ಷ ಈ ಎರಡರ ನಡುವೆ ರಾಜಿ ಮಾಡಿಕೊಂಡೇ ಬದುಕಿದರು.

ಈ ರಾಜಿ ಬೇಡ ಅಂದವರ ಕಥೆ ನಿಜಕ್ಕೂ ಸೊಗಸಾಗಿದೆ. 1974ರಲ್ಲಿ ಡೀನ್ ಕಾರ್ನಾಪ್ ಮತ್ತು ಸಂಗಡಿಗರು ಒಂದು ಪ್ರಬಂಧದಲ್ಲಿ ‘ಸ್ಕೈಹುಕ್’ ಅನ್ನೋ ವಿಚಾರವನ್ನು ಬಿಡಿಸಿ ಹೇಳಿದರು. ಕಾರಿನ ಮೈಯನ್ನು ಆಕಾಶಕ್ಕೆ ಕೊಕ್ಕೆ ಹಾಕಿ ಹಿಡಿದಿದ್ದರೆ ಅದು ಎಷ್ಟು ನೆಮ್ಮದಿಯಾಗಿ ತೇಲುತ್ತಿತ್ತೋ, ಡ್ಯಾಂಪರನ್ನು ಕ್ಷಣಕ್ಷಣಕ್ಕೂ ಬಿಗಿ-ಸಡಿಲ ಮಾಡುತ್ತಾ ಅದರ ಹತ್ತಿರಕ್ಕೆ ಬರಬಹುದು ಅನ್ನೋದು ಲೆಕ್ಕ. 1983ರಲ್ಲಿ ಟೊಯೊಟಾದವರು ಸೋರರ್ ಕಾರಿನಲ್ಲಿ ಎಲೆಕ್ಟ್ರಾನಿಕ್ಸ್ ಹೇಳಿದಂತೆ ಕೇಳುವ ಡ್ಯಾಂಪರ್ ತಂದರು. ಅದು ತೂತನ್ನು ದೊಡ್ಡ-ಚಿಕ್ಕ ಮಾಡುವ ದಾರಿ. ಗೆಳೆಯನ ಕಾರಿನದ್ದು ಇನ್ನೂ ವಿಚಿತ್ರ: ಅಲ್ಲಿ ತೂತು ಹಾಗೇ ಇರುತ್ತೆ, ಎಣ್ಣೆಯೇ ಬದಲಾಗುತ್ತೆ.

ಆ ಎಣ್ಣೆಯನ್ನು 1940ರ ದಶಕದ ಕೊನೆಯಲ್ಲಿ ಅಮೆರಿಕದ ನ್ಯಾಷನಲ್ ಬ್ಯೂರೋ ಆಫ್ ಸ್ಟ್ಯಾಂಡರ್ಡ್ಸ್‌ನಲ್ಲಿದ್ದ ಜೇಕಬ್ ರ್ಯಾಬಿನೋ ಕಂಡುಹಿಡಿದರು. (ಅಚ್ಚಾದ ಅಕ್ಷರವನ್ನು ಓದುವ ಯಂತ್ರ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ನಾವು ಮೊಬೈಲಲ್ಲಿ ಬಿಲ್ಲಿನ ಫೋಟೋ ತೆಗೆದು ಅಕ್ಷರ ಎತ್ತಿಕೊಳ್ಳುತ್ತೀವಲ್ಲ, ಅದರ ಮುತ್ತಾತ.) ಎಣ್ಣೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಕಬ್ಬಿಣದ ಪುಡಿ ಬೆರೆಸಿರ್ತಾರೆ. ಪಿಸ್ಟನ್ನಿನೊಳಗೆ ತಂತಿ ಸುತ್ತಿದ ಒಂದು ಕಾಯಿಲ್. ಅದಕ್ಕೆ ಕರೆಂಟ್ ಬಿಟ್ಟರೆ ಅಲ್ಲೊಂದು ಅಯಸ್ಕಾಂತ ಹುಟ್ಟಿ, ಪುಡಿಯೆಲ್ಲ ಸರಪಳಿ ಕಟ್ಟಿ ನಿಲ್ಲುತ್ತೆ. ನೀರುಮಜ್ಜಿಗೆ ಹಾಗಿದ್ದದ್ದು ಮುದ್ದೆಯ ಹದಕ್ಕೆ ಬರುತ್ತೆ. ಕರೆಂಟ್ ನಿಲ್ಲಿಸಿ, ಮತ್ತೆ ಮಜ್ಜಿಗೆ. ಇದೆಲ್ಲ ಕೆಲವೇ ಮಿಲಿಸೆಕೆಂಡಿನಲ್ಲಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಹೋಗುವ ಕಾರು 10 ಮಿಲಿಸೆಕೆಂಡಿಗೆ ಸುಮಾರು 17 ಸೆಂ.ಮೀ. ಮುಂದೆ ಹೋಗಿರುತ್ತೆ, ಒಂದು ಗೇಣೂ ಇಲ್ಲ. ಚಕ್ರ ಗುಂಡಿಯ ಒಂದು ಅಂಚಿಗೆ ಇಳಿದು ಇನ್ನೊಂದು ಅಂಚಿಗೆ ಹತ್ತುವಷ್ಟರಲ್ಲಿ ಡ್ಯಾಂಪರ್ ತನ್ನ ಮನಸ್ಸು ಬದಲಾಯಿಸಿ ಆಗಿರುತ್ತೆ.

ರ್ಯಾಬಿನೋ ಇದನ್ನು ಯೋಚಿಸಿದ್ದು ಕ್ಲಚ್ಚಿಗೆ. ಕಾರಿನ ಚಕ್ರದ ಪಕ್ಕಕ್ಕೆ ಬರೋಕೆ ಅರ್ಧ ಶತಮಾನ ಹಿಡಿಯಿತು. 2002ರ ಕ್ಯಾಡಿಲ್ಯಾಕ್ ಸೆವಿಲ್ ಕಾರಿನಲ್ಲಿ ಡೆಲ್ಫಿ ಕಂಪನಿಯವರ ‘ಮ್ಯಾಗ್ನೆರೈಡ್’ ಬಂತು, ಆಮೇಲೆ ಕಾರ್ವೆಟ್‌ಗೆ, 2006ರಲ್ಲಿ ಫೆರಾರಿ 599ಕ್ಕೆ.

ಇದು ಬ್ರೋಷರಿನ ಮಾತಾಯಿತು. ನಮ್ಮೂರಿನ ರಸ್ತೆಯಲ್ಲಿ ಹೇಗಿತ್ತು? ಚಾಮರಾಜನಗರದಿಂದ ತೆರಕಣಾಂಬಿ ಮೇಲೆ ಗುಂಡ್ಲುಪೇಟೆಗೆ 35 ಕಿ.ಮೀ. ಆಸುಪಾಸು. ಮುಖ್ಯಮಂತ್ರಿ ಕಾಲಿಟ್ಟರೆ ಕುರ್ಚಿ ಹೋಗುತ್ತೆ ಅನ್ನೋ ಮೂಢನಂಬಿಕೆಗೆ ಹೆಸರಾದ ಊರು ನಮ್ಮದು (ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು ಅದನ್ನು ಸುಮಾರು ಸವೆಸಿದರು ಬಿಡಿ), ಸ್ಪೋರ್ಟ್ಸ್ ಕಾರುಗಳೂ ಅಷ್ಟೇ, ಈ ಕಡೆ ಅಪರೂಪ. ಅವೆಲ್ಲ ಮೈಸೂರಿಂದ ನೇರ ಗುಂಡ್ಲುಪೇಟೆಗೆ ಬಂದು, ಊಟಿಗೋ ವಯನಾಡಿಗೋ ಹೋಗುವಂಥವು. ತೆರಕಣಾಂಬಿ ರಸ್ತೆ ನಮ್ಮಂಥವರದ್ದು: ಅರಿಶಿನ, ಬಾಳೆ, ಕಬ್ಬು, ಹಂಗಾಮಿನಲ್ಲಿ ಸೂರ್ಯಕಾಂತಿ, ಚೆಂಡುಹೂವು. ಹಳ್ಳಿಗೊಂದು ಹಂಪು, ಕೆಲವು ಹಳ್ಳಿಗೆ ಎರಡು. ಡ್ಯಾಂಪರ್ ಗಟ್ಟಿಮುಟ್ಟಾಗಿದ್ದ ಕಾಲದಲ್ಲಿ ಈ ರಸ್ತೆಯಲ್ಲಿ ಆ ಕಾರಿನ ಪಕ್ಕದ ಸೀಟಲ್ಲಿ ಕೂತಿದ್ದೇನೆ. ಟಾರು ಕಿತ್ತುಹೋದ ಕಡೆ ಚಕ್ರಗಳ ಸದ್ದು ಕೇಳುತ್ತಿತ್ತೇ ಹೊರತು ಮೈಗೆ ತಿಳಿಯುತ್ತಿರಲಿಲ್ಲ. ತಿರುವು ಬಂದ ತಕ್ಷಣ ಅದೇ ಕಾರು ಮೈ ಬಿಗಿದು ಕೂರುತ್ತಿತ್ತು. ಗೇರ್ ಪಕ್ಕದಲ್ಲೊಂದು ಗುಂಡಿ, ಅದನ್ನು ಒತ್ತಿದರೆ ಎಲ್ಲವೂ ಇನ್ನೊಂದು ಸುತ್ತು ಬಿಗಿ. ಸಂಕೋಚವಿಲ್ಲದೆ ಹೇಳ್ತೀನಿ, ನಾನು ಕೂತ ಯಾವ ಕಾರಿನಲ್ಲೂ ಇಂಥ ಸವಾರಿ ಕಂಡಿಲ್ಲ. ಮದುವೆ ದಿನದ ವಿಮರ್ಶಕರು ಬರೆದದ್ದು ಸುಳ್ಳಲ್ಲ.

ಹೋದ ವರ್ಷ ಊಟಿಗೆ ಹೊರಟಾಗ ಗುಂಡ್ಲುಪೇಟೆ ದಾಟುವ ಮೊದಲೇ ಹಿಂಬದಿ ತೊಟ್ಟಿಲ ಥರ ತೂಗೋಕೆ ಶುರುವಾಯಿತು. ಹಂಪು ದಾಟಿ ಮೂರು ಸಲ, ನಾಲ್ಕು ಸಲ. ಗೆಳೆಯ ಡ್ಯಾಶ್‌ಬೋರ್ಡ್ ನೋಡಿದ: ಒಂದು ಲೈಟೂ ಇಲ್ಲ. ನಾನು ಲ್ಯಾಪ್‌ಟಾಪಿಗೆ ಡಯಾಗ್ನೋಸ್ಟಿಕ್ ಕೇಬಲ್ ಹಾಕಿ ನೋಡಿದೆ: ಸಸ್ಪೆನ್ಷನ್ ಮಾಡ್ಯೂಲಿನಲ್ಲಿ ಒಂದು ಫಾಲ್ಟ್ ಕೋಡೂ ಇಲ್ಲ. ಊಟಿ ರಸ್ತೆಯ ಗ್ಯಾರೇಜಿನ ಮೇಸ್ತ್ರಿ ಲ್ಯಾಪ್‌ಟಾಪನ್ನು ನೋಡಲೂ ಇಲ್ಲ. ಬಂದವರೇ ಹಿಂದಿನ ಮೂಲೆಯ ಮೇಲೆ ಎರಡೂ ಕೈ ಊರಿ ಅದುಮಿ ಬಿಟ್ಟರು. ಕಾರು ಏಳುತ್ತಾ ಬೀಳುತ್ತಾ ನಿಂತಿತು. ಬಗ್ಗಿ ಚಕ್ರದ ಒಳಗಡೆ ಬೆರಳಾಡಿಸಿ ತೋರಿಸಿದರು, ಕಪ್ಪು ಎಣ್ಣೆ. ‘ಶಾಕಪ್ ಹೋಗದ ಕನಪ್ಪ. ಎಡಗಡದ್ದು ಪೂರಾ ಹೋಗದ, ಬಲಗಡದ್ದು ಹೋಯ್ತಾ ಅದ.’

ಇಲ್ಲಿಂದ ನನ್ನ ವಿಮರ್ಶೆಯ ಎರಡನೇ ಅರ್ಧ. ಇಷ್ಟು ಬುದ್ಧಿವಂತ ವ್ಯವಸ್ಥೆಗೆ ತನ್ನೊಳಗಿನ ಎಣ್ಣೆ ಸೋರಿಹೋದದ್ದು ಗೊತ್ತೇ ಆಗಿಲ್ಲ. ಯಾಕೆಂದರೆ ಅದು ಕಾಯಿಲಿನಲ್ಲಿ ಕರೆಂಟ್ ಹರಿಯುತ್ತಿದೆಯೋ ಇಲ್ಲವೋ ಅಂತ ನೋಡುತ್ತೆ. ಎಣ್ಣೆ ಇದೆಯೋ ಇಲ್ಲವೋ ಅಂತ ನೋಡೋಕೆ ಅದಕ್ಕೆ ಕಣ್ಣು ಕೊಟ್ಟಿಲ್ಲ. ಮಲ್ಟಿಮೀಟರ್ ಹಿಡಿದು ನೋಡಿದಾಗ ನಾಲ್ಕೂ ಕಾಯಿಲ್ ಆರೋಗ್ಯವಾಗಿದ್ದವು. ನಮ್ಮ ಕಸುಬಿನವರಿಗೆ ಇದು ಹೊಸ ಕಥೆ ಅಲ್ಲ: ಮಾನಿಟರಿಂಗ್ ಡ್ಯಾಶ್‌ಬೋರ್ಡಿನಲ್ಲಿ ಎಲ್ಲ ಹಸಿರು, ಪ್ರೊಡಕ್ಷನ್ನಲ್ಲಿ ಬೆಂಕಿ. ಸುಲಭವಾಗಿ ಅಳೆಯಬಹುದಾದ್ದನ್ನು ಅಳೆದು, ಅಳೆಯಬೇಕಾದ್ದನ್ನು ಬಿಟ್ಟಿರುವ ಸಾಫ್ಟ್‌ವೇರು. ಮೇಸ್ತ್ರಿಯ ಎರಡು ಅಂಗೈ ಅದಕ್ಕಿಂತ ಒಳ್ಳೆಯ ಸೆನ್ಸರ್.

ಹೋಗಿದ್ದು ಏನು? ಒಂದು ರಬ್ಬರ್ ಸೀಲ್. ಯಾವ ಡ್ಯಾಂಪರಿನಲ್ಲೂ ಮೊದಲು ಹೋಗೋದು ಅದೇ. ಕಬ್ಬಿಣದ ಪುಡಿ ತುಂಬಿದ ಎಣ್ಣೆ ಅಂದರೆ ದ್ರವರೂಪದ ಸ್ಯಾಂಡ್‌ಪೇಪರ್, ಅದರಲ್ಲಿ ಸೀಲ್ ಇನ್ನೂ ಬೇಗ ಸವೆಯುತ್ತೆ ಅನ್ನೋದು ಇದನ್ನು ಮಾಡಿದವರಿಗೇ ಮೊದಲಿಂದ ಗೊತ್ತಿದ್ದ ತಲೆನೋವು. ಗೊತ್ತಿದ್ದೂ ಅದನ್ನು ಬಿಚ್ಚಲಾಗದಂತೆ ಮುಚ್ಚಿ, ಒಳಗೆ ಗ್ಯಾಸ್ ತುಂಬಿ, ಕಾಯಿಲು-ಎಣ್ಣೆ-ಸೀಲು ಎಲ್ಲ ಸೇರಿಸಿ ಒಂದೇ ಸಾಮಾನು ಅಂತ ಮಾರಿದ್ದಾರೆ. ಸವೆಯುವುದು ಸವೆದಾಗ ಸವೆಯದ್ದನ್ನೂ ಎಸೆಯಬೇಕು. ಚಪ್ಪಲಿಯ ಉಂಗುಷ್ಟ ಕಿತ್ತುಹೋದರೆ ಕಾಲನ್ನೂ ಬದಲಾಯಿಸಿ ಅಂದಹಾಗೆ.

ಬೆಂಗಳೂರಿನ ಒಂದು ಸರ್ವಿಸ್ ಸೆಂಟರಿಗೆ ಫೋನು ಮಾಡಿದ್ದಾಯಿತು. ನಾಲ್ಕೂ ಬದಲಿಸೋದು ಒಳ್ಳೇದು, ಸಾಮಾನು ಹೊರದೇಶದಿಂದ ಬರಬೇಕು, ಯಾವಾಗ ಅಂತ ಹೇಳೋಕಾಗಲ್ಲ. ಅವರು ಹೇಳಿದ ಒಟ್ಟು ಮೊತ್ತ, ಗೆಳೆಯ ಆ ಕಾರಿಗೆ ಕೊಟ್ಟ ಬೆಲೆಯ ಮೂರರಲ್ಲೊಂದು ಪಾಲು. ಹಳೇ ಕಾರು ಇಟ್ಟುಕೊಂಡವರಿಗೆ ಈ ಲೆಕ್ಕದ ಅರ್ಥ ಗೊತ್ತು. ಎಂಜಿನ್ ಚೆನ್ನಾಗಿದೆ, ಮೈಗೆ ತುಕ್ಕಿಲ್ಲ, ಗೇರ್‌ಬಾಕ್ಸ್ ಬೆಣ್ಣೆ. ಆದರೂ ಒಂದು ಸೀಲಿನ ದೆಸೆಯಿಂದ ಕಾರು ಗುಜರಿಯ ಬಾಗಿಲಿಗೆ ಬಂದು ನಿಲ್ಲುತ್ತೆ. ಗೆಳೆಯ ಒಂದು ವಾರ ಆ ಬಾಗಿಲಲ್ಲೇ ನಿಂತಿದ್ದ. ಮಾರಿಬಿಡ್ತೀನಿ ಅಂತ ಎರಡು ಸಲ ಫೋಟೋ ಕೂಡ ತೆಗೆದ.

ಇಂಥ ಜಾಗಕ್ಕೆ ಬಂದಾಗ ನಮ್ಮ ಅಂಕಣಕಾರರು ಸಾಮಾನ್ಯವಾಗಿ ಎತ್ತಿನ ಗಾಡಿ ಹತ್ತಿಬಿಡ್ತಾರೆ. ‘ಆ ಕಾಲವೇ ಚೆಂದ, ಎಲ್ಲ ಸರಳ.’ ನಾನು ಆ ಗಾಡಿಯಲ್ಲಿ ಕೂತು ಬೆಳೆದವನು, ಹಾಗಾಗಿ ಹತ್ತೋದಿಲ್ಲ. ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ, ಸ್ಪ್ರಿಂಗಿಲ್ಲ, ಶಾಕಬ್ಸರ್ ಇಲ್ಲ. ರಸ್ತೆಯ ಪ್ರತಿ ಕಲ್ಲೂ ನೇರ ನಿಮ್ಮ ದವಡೆಗೆ, ಎತ್ತಿನ ಹೆಗಲಿಗೆ. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಎತ್ತಿನ ಗಾಡಿ, ನೊಗ ಎರಡನ್ನೂ ಸುಧಾರಿಸಬೇಕು ಅಂತ ವರ್ಷಗಟ್ಟಲೆ ದುಡಿದದ್ದು ಸುಮ್ಮನೆ ಅಲ್ಲ. ಆಮೇಲೆ ಬಂದ ಟೈರು ಗಾಡಿಯನ್ನು ನಮ್ಮೂರಲ್ಲಿ ಯಾರೂ ಬೇಡ ಅನ್ನಲಿಲ್ಲ. ಹಳೇ ಗಾಡಿಯಿಂದ ಕಲಿಯೋದು ಒಂದೇ ಒಂದಿದೆ. ಅದನ್ನು ಮಾಡಿದ ಬಡಗಿಗೆ ಎಲ್ಲಿ ಸವೆಯುತ್ತೆ ಅಂತ ಗೊತ್ತಿತ್ತು. ಅಚ್ಚು ಸವೆಯುತ್ತೆ, ಅದಕ್ಕೆ ಕೀಲೆಣ್ಣೆ, ಎಣ್ಣೆಯ ಗೊಟ್ಟ ಗಾಡಿಗೇ ನೇತಾಡುತ್ತಿತ್ತು. ಕಡಾಣಿ ಕಿತ್ತು ಚಕ್ರ ಎಳೆದರೆ ಅಚ್ಚು ಕೈಗೆ ಸಿಗುತ್ತಿತ್ತು. ಸವೆಯುವ ಜಾಗವನ್ನು ಬಿಚ್ಚುವ ಜಾಗವಾಗಿಯೇ ಮಾಡಿದ್ದ.

ಎತ್ತಿನ ಗಾಡಿ ಬೇಡ ಅಂದರೆ 1955ರ ಸಿತ್ರೋನ್ ಡಿಎಸ್ ನೋಡಿ. ಆ ಕಾಲಕ್ಕೆ ಅದಕ್ಕಿಂತ ತಲೆಕೆಟ್ಟ ಸಸ್ಪೆನ್ಷನ್ ಇರಲಿಲ್ಲ: ಉಕ್ಕಿನ ಸ್ಪ್ರಿಂಗ್ ಬದಲು ಪ್ರತಿ ಚಕ್ರಕ್ಕೂ ಒಂದು ಲೋಹದ ಗೋಳ, ಒಳಗೆ ನೈಟ್ರೋಜನ್, ಅದನ್ನು ಒತ್ತುವ ಹೈಡ್ರಾಲಿಕ್ ಎಣ್ಣೆ, ಗೋಳದ ಕತ್ತಿನಲ್ಲೇ ಡ್ಯಾಂಪರ್ ವಾಲ್ವ್. ಗೋಳದೊಳಗಿನ ಗ್ಯಾಸ್ ವರ್ಷ ಕಳೆದ ಹಾಗೆ ಸೋರಿಹೋಗುತ್ತೆ. ಅದು ಸೋರುತ್ತೆ ಅಂತ ಒಪ್ಪಿಕೊಂಡೇ ಮಾಡಿದ್ದರು. ಎಣ್ಣೆಯ ಒತ್ತಡ ಇಳಿಸಿ, ಬಲ್ಬಿನ ಥರ ತಿರುಗಿಸಿ ಗೋಳ ಬಿಚ್ಚಿ, ಇನ್ನೊಂದನ್ನು ತಿರುಗಿಸಿ ಹಾಕಬಹುದು. ಹಳೆಯದಕ್ಕೆ ಮತ್ತೆ ಗ್ಯಾಸ್ ತುಂಬಿಸುವವರೂ ಇದ್ದಾರೆ. ಸಂಕೀರ್ಣವಾಗಿದೆ ಅನ್ನೋದು ಅಪರಾಧ ಅಲ್ಲ ಅಂತ ನಾನು ಹೇಳೋದು ಇದಕ್ಕೇ. ಡಿಎಸ್ ಮಾಡಿದವರ ತಲೆ ಮ್ಯಾಗ್ನೆಟ್ ಡ್ಯಾಂಪರ್ ಮಾಡಿದವರ ತಲೆಗಿಂತ ಕಡಿಮೆ ಓಡಿರಲಿಲ್ಲ, ಇನ್ನೂ ಒಂದು ಹೆಜ್ಜೆ ಮುಂದೆ ಓಡಿತ್ತು.

ಕಂಪನಿಯವರ ಪರವಾಗಿಯೂ ಹೇಳೋದಿದೆ. ಬಿಚ್ಚುವಂತೆ ಮಾಡಿದರೆ ಸೋರುವ ಜಾಗ ಹೆಚ್ಚು, ತೂಕ ಹೆಚ್ಚು, ಯಾರೋ ತಪ್ಪು ಎಣ್ಣೆ ಹಾಕಿ ಚಕ್ರದ ಹಿಡಿತ ಕಳೆದರೆ ಹೊಣೆ ಯಾರು? ಡ್ಯಾಂಪರ್ ಮಾಡಿದ ಕಂಪನಿಗಳ ಹಣೆಬರಹವೂ ನೆಟ್ಟಗಿರೋದಿಲ್ಲ. ಡೆಲ್ಫಿ 2005ರಲ್ಲಿ ದಿವಾಳಿ ಅರ್ಜಿ ಹಾಕಿ, 2009ರಲ್ಲಿ ಅದರ ಸಸ್ಪೆನ್ಷನ್ ವ್ಯವಹಾರ ಚೀನಾದ ಬೀಜಿಂಗ್‌ವೆಸ್ಟ್ ಇಂಡಸ್ಟ್ರೀಸ್ ಪಾಲಾಯಿತು. ಒಪ್ಪೋಣ. ಆದರೆ ಹೊರದೇಶಗಳಲ್ಲಿ ಇದೇ ಡ್ಯಾಂಪರನ್ನು ಬಿಚ್ಚಿ, ಸೀಲು ಬದಲಿಸಿ, ಹೊಸ ಎಣ್ಣೆ ತುಂಬಿ ಕೊಡುವ ಸಣ್ಣ ಸಣ್ಣ ವರ್ಕ್‌ಶಾಪುಗಳಿವೆ. ಆಗದ ಕೆಲಸ ಏನಲ್ಲ.

ಕೊನೆಗೆ ಗೆಳೆಯ ಮಾರಲಿಲ್ಲ. ಅದೇ ಮಾಡೆಲ್ಲಿನ ಕಡಿಮೆ ಬೆಲೆಯ ಅವತಾರಕ್ಕೆ ಬರುವ ಸಾಮಾನ್ಯ ಡ್ಯಾಂಪರ್ ನಾಲ್ಕನ್ನು ತರಿಸಿದ. ಕರೆಂಟಿಲ್ಲ, ಕಾಯಿಲಿಲ್ಲ, ತೂತು ಮತ್ತು ಎಣ್ಣೆ ಅಷ್ಟೇ. ನಾಲ್ಕೂ ಸೇರಿ, ಸರ್ವಿಸ್ ಸೆಂಟರಿನವರು ಒಂದಕ್ಕೆ ಹೇಳಿದ್ದಕ್ಕಿಂತ ಕಡಿಮೆಗೆ ಬಂದವು. ಹಾಕಿದ್ದು ಗುಂಡ್ಲುಪೇಟೆಯ ಅದೇ ಗ್ಯಾರೇಜಿನಲ್ಲಿ. ಅಲ್ಲಿ ಕೇರಳಕ್ಕೆ ತರಕಾರಿ ಹೊರುವ ಗಾಡಿ, ಬೊಲೆರೊ, ಊಟಿಯಿಂದ ಇಳಿಯುವಾಗ ಬ್ರೇಕ್ ಸುಟ್ಟುಕೊಂಡ ಟ್ಯಾಕ್ಸಿ ಎಲ್ಲ ಬರ್ತವೆ. ಮೇಸ್ತ್ರಿ ಸ್ಪ್ರಿಂಗನ್ನು ಕಂಪ್ರೆಸರಿನಲ್ಲಿ ಅದುಮಿ ಹಿಡಿದು, ಮೇಲಿನ ಮೌಂಟು ಬಿಚ್ಚಿ, ಹೊಸದನ್ನು ಕೂರಿಸಿದ ರೀತಿಯಲ್ಲಿ ಅವಸರವೇ ಇರಲಿಲ್ಲ. ಕೆಳಗಿನ ಬುಷ್ ಬೋಲ್ಟುಗಳನ್ನು ಮಾತ್ರ ಅರ್ಧ ತಿರುಗಿಸಿ ಬಿಟ್ಟರು. ಯಾಕೆ ಅಂದರೆ, ‘ಗಾಡಿ ನೆಲಕ್ಕ ಕೂತ್ಕಳ್ಳಿ, ಆಮೇಲ ಬಿಗಿ ಮಾಡ್ಬೇಕು. ಎತ್ತಿ ಹಿಡಿದಾಗ್ಲೇ ಬಿಗಿ ಮಾಡುದ್ರ ರಬ್ಬರ್ ತಿರುಚ್ಕಂಡು ಹರ್ದೋಯ್ತದ.’ ಇದು ಆ ಕಂಪನಿಯ ವರ್ಕ್‌ಶಾಪ್ ಮ್ಯಾನ್ಯುಯಲ್ಲಿನಲ್ಲೂ ಇದೆ. ಅವರು ಅದನ್ನು ಓದಿಲ್ಲ, ಬೊಲೆರೊದಿಂದ ಕಲಿತಿದ್ದಾರೆ.

ಕಬ್ಬಿಣದ ಕೆಲಸ ಒಂದು ದಿನದಲ್ಲಿ ಮುಗಿಯಿತು. ಸಾಫ್ಟ್‌ವೇರಿನ ಕೆಲಸ ಮುಗಿಯಲಿಲ್ಲ. ನಾಲ್ಕು ಕನೆಕ್ಟರ್ ಬಿಚ್ಚಿದ ತಕ್ಷಣ, ಎಣ್ಣೆ ಸೋರಿದಾಗ ಬಾಯಿ ಬಿಡದ ಡ್ಯಾಶ್‌ಬೋರ್ಡು ಹಳದಿ ಲೈಟು ಹಾಕಿ ಕೂಗಾಡಿತು. ಸರಿ, ಸಸ್ಪೆನ್ಷನ್ ಮಾಡ್ಯೂಲನ್ನೇ ತೆಗೆದುಹಾಕೋಣ ಅಂದರೆ ಅದೂ ಆಗಲಿಲ್ಲ. ಈ ಕಾರಿನಲ್ಲಿ ಚಕ್ರದ ಪಕ್ಕದ ಎತ್ತರದ ಸೆನ್ಸರುಗಳ ಲೆಕ್ಕ ಹೋಗೋದು ಆ ಮಾಡ್ಯೂಲಿಗೆ, ಅಲ್ಲಿಂದ ಹೆಡ್‌ಲೈಟಿಗೆ. ಹಿಂಬದಿಗೆ ಭಾರ ಬಿದ್ದಾಗ ಬೆಳಕು ಎದುರಿನವರ ಕಣ್ಣಿಗೆ ಹೊಡೆಯದಂತೆ ಹೆಡ್‌ಲೈಟು ತಾನೇ ತಗ್ಗುತ್ತಲ್ಲ, ಆ ಏರ್ಪಾಡು. ಮಾಡ್ಯೂಲ್ ತೆಗೆದರೆ ಹೆಡ್‌ಲೈಟಿಗೆ ದಿಕ್ಕು ತಪ್ಪುತ್ತೆ. ರಾತ್ರಿ ತೆರಕಣಾಂಬಿ ರಸ್ತೆಯಲ್ಲಿ ಹಿಂದೆ ಒಂದು ಕೆಂಪು ದೀಪವೂ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ಬರುತ್ತೆ, ಅಲ್ಲಿ ಹೆಡ್‌ಲೈಟಿನ ಜೊತೆ ಆಟ ಆಡೋಕಾಗಲ್ಲ. ಶಾಕಬ್ಸರಿಗೂ ಹೆಡ್‌ಲೈಟಿಗೂ ಗಂಟು ಹಾಕಿದ ಈ ಆರ್ಕಿಟೆಕ್ಚರನ್ನು ನಮ್ಮ ಟೀಮಿನಲ್ಲಿ ಯಾರಾದರೂ ಕೋಡ್ ರಿವ್ಯೂಗೆ ತಂದಿದ್ದರೆ ವಾಪಸ್ ಕಳಿಸುತ್ತಿದ್ದೆ.

ಹಾಗಾಗಿ ಮಾಡ್ಯೂಲನ್ನು ಇಟ್ಟುಕೊಂಡು ಅದಕ್ಕೆ ಸುಳ್ಳು ಹೇಳಬೇಕಾಯಿತು. ಡ್ಯಾಂಪರಿನ ಜಾಗದಲ್ಲಿ ಕಾಯಿಲಿನ ಥರ ನಟಿಸುವ ಪುಟ್ಟ ಪ್ಲಗ್ಗುಗಳು ಸಿಗುತ್ತವೆ. ಜರ್ಮನಿಯ ಕೆಡಬ್ಲ್ಯೂ ಥರದ ಸಸ್ಪೆನ್ಷನ್ ಕಂಪನಿಗಳು ಇಂಥದ್ದನ್ನು ರಾಜಾರೋಷವಾಗಿ ಕಿಟ್ ಮಾಡಿ ಮಾರ್ತಾರೆ. ಟೆಸ್ಟಿಂಗ್ ಮಾಡುವಾಗ ನಾವು ನಿಜವಾದ ಸರ್ವಿಸ್ ಬದಲು ಮಾಕ್ ಇಡ್ತೀವಲ್ಲ, ಅದೇ. ನಾಲ್ಕು ಚಕ್ರಕ್ಕೆ ನಾಲ್ಕು ಮಾಕ್. ಮಾಡ್ಯೂಲು ‘ಬಿಗಿಯಾಗು’ ಅಂತ ಆಜ್ಞೆ ಕೊಡುತ್ತೆ, ಪ್ಲಗ್ಗು ‘ಆಯ್ತು ಬುದ್ದಿ’ ಅನ್ನುತ್ತೆ, ಏನೂ ಆಗೋದಿಲ್ಲ. ಗೇರ್ ಪಕ್ಕದ ಗುಂಡಿ ಈಗಲೂ ಒತ್ತಿದರೆ ಬೆಳಗುತ್ತೆ.

ಒಬ್ಬ ಗ್ರಾಹಕ ತನ್ನದೇ ಕಾರಿಗೆ ಸುಳ್ಳು ಹೇಳಿ ಬದುಕಿಸಿಕೊಳ್ಳಬೇಕಾದ ಪರಿಸ್ಥಿತಿ ಆಕಾಶದಿಂದ ಬಿದ್ದದ್ದಲ್ಲ. ನಮ್ಮ ದೇಶದಲ್ಲಿ ಇದರ ಮೇಲೆ ಒಂದು ತೀರ್ಪೇ ಇದೆ. ಬಿಡಿಭಾಗಗಳು, ರಿಪೇರಿಯ ಉಪಕರಣಗಳು, ಮಾಹಿತಿ ಇವನ್ನು ಹೊರಗಿನ ಗ್ಯಾರೇಜುಗಳಿಗೆ ಕೊಡದೆ ಗ್ರಾಹಕರನ್ನು ಕಟ್ಟಿಹಾಕುತ್ತಿದ್ದಾರೆ ಅಂತ 2011ರಲ್ಲಿ ಹೋದ ದೂರಿನ ಮೇಲೆ, 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಿತು. ಕಂಪನಿಗಳು ಮೇಲ್ಮನವಿ ಹತ್ತಿದವು. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ‘ರಿಪೇರಿಯ ಹಕ್ಕು’ ಅಂತ ಒಂದು ಪೋರ್ಟಲ್ ಶುರು ಮಾಡಿತು. ಮೊಬೈಲು, ಗೃಹೋಪಯೋಗಿ ಸಾಮಾನು, ಕೃಷಿ ಯಂತ್ರಗಳ ಜೊತೆ ವಾಹನಗಳೂ ಅದರಲ್ಲಿ ಸೇರಿವೆ. ಒಳ್ಳೆಯದೇ. ಆದರೆ ಆ ತೀರ್ಪೂ ಈ ಪೋರ್ಟಲ್ಲೂ ಮಾತಾಡೋದು ಮಾರಾಟದ ಬಗ್ಗೆ: ಸಾಮಾನು ಸಿಗಬೇಕು, ಮಾಹಿತಿ ಸಿಗಬೇಕು. ಬಿಚ್ಚಲಾಗದಂತೆ ಮುಚ್ಚಿದ ಕೊಳವೆಗೆ ಮಾಹಿತಿ ಸಿಕ್ಕರೂ ಏನು ಮಾಡೋದು? ನನ್ನ ತಕರಾರು ಅದಕ್ಕಿಂತ ಮುಂಚಿನ ಹಂತದ್ದು, ಡ್ರಾಯಿಂಗ್ ಬೋರ್ಡಿನದ್ದು. ಮುಂದೆ ಯಾರಾದರೂ ಒಂದು ಕಾರಿನ ವಿಮರ್ಶೆ ಬರೆಯುವಾಗ ಎಷ್ಟು ಸೆಕೆಂಡಿಗೆ ನೂರು ಕಿ.ಮೀ. ಮುಟ್ಟಿತು ಅನ್ನೋದರ ಪಕ್ಕದಲ್ಲಿ, ಇದರ ಶಾಕಬ್ಸರನ್ನು ಗುಂಡ್ಲುಪೇಟೆಯಲ್ಲಿ ಬಿಚ್ಚಿ ಹಾಕಬಹುದೋ ಇಲ್ಲವೋ ಅನ್ನೋ ಒಂದು ಸಾಲು ಸೇರಿಸಲಿ. ಆ ಸಾಲು ಓದಿ ಕೊಳ್ಳುವವರು ಬಹಳ ಜನ ಇದ್ದಾರೆ, ಕಂಪನಿಯವರಿಗೆ ಗೊತ್ತಿಲ್ಲ ಅಷ್ಟೇ.

ಈಗ ಕಾರು ಹೇಗಿದೆ? ನೆಟ್ಟಗಿದೆ. ಹಂಪು ದಾಟಿದರೆ ಒಂದೇ ಸಲ ಏಳುತ್ತೆ, ಒಂದೇ ಸಲ ಕೂರುತ್ತೆ. ಊಟಿಗೆ ಹೋಗಿ ಬಂದೆವು, ರಾತ್ರಿ ಒಂಬತ್ತಕ್ಕೆ ಬಂಡೀಪುರದ ಗೇಟು ಹಾಕುವ ಮೊದಲೇ ಈಚೆ ದಾಟಿದೆವು. ಆದರೆ ಟಾರು ಕಿತ್ತ ಜಾಗಗಳು ಈಗ ಮೈಗೆ ತಿಳಿಯುತ್ತವೆ. ತಿರುವಿನಲ್ಲಿ ಕಾರು ವಾಲೋದಿಲ್ಲ, ಹಾಗಂತ ಮೈ ಬಿಗಿದುಕೊಳ್ಳುವ ಆ ಕ್ಷಣವೂ ಇಲ್ಲ. ರಾಜಿ ಅಂದರೆ ರಾಜಿ. ‘ಸರಳವಾದದ್ದೇ ಒಳ್ಳೇದಾಯ್ತು’ ಅಂತ ಗೆಳೆಯ ಒಮ್ಮೆ ಅಂದ. ನಾನು ಒಪ್ಪಲಿಲ್ಲ. ಅವನೂ ಪೂರ್ತಿ ಒಪ್ಪಿರಲಾರ. ಯಾಕೆಂದರೆ ಬಿಚ್ಚಿದ ನಾಲ್ಕು ಹಳೇ ಡ್ಯಾಂಪರನ್ನು ಗುಜರಿಗೆ ಹಾಕು ಅಂದರೆ ಕೇಳಲಿಲ್ಲ. ಯಾರಾದರೂ ಸೀಲು ಬದಲಿಸಿಕೊಡುವವರು ನಮ್ಮ ಕಡೆಯೂ ಹುಟ್ಟಬಹುದು ಅಂತ, ಅವನ್ನು ಯೂರಿಯಾ ಚೀಲಕ್ಕೆ ತುಂಬಿ ಬಾಯಿ ಕಟ್ಟಿ ಊರಿನ ಮನೆಯ ಅಟ್ಟದ ಮೇಲೆ ಇಟ್ಟಿದ್ದಾನೆ. ಅವರಪ್ಪ ತಿಂಗಳಿಗೊಂದು ಸಲ ಕೇಳ್ತಾರೆ, ‘ಲೋ, ಆ ಕಬ್ಣ ಯಾವಾಗ್ಲಾ ಎತ್ಕ ಹೋಯ್ತಿಯೆ? ಎಣ್ಣ ಸೋರ್ತಾ ಅದ.’